ಮೂರು ಮೇಜು, ಒಂದೇ ಜಾಗ: ಏಷ್ಯನ್ ಗೇಮ್ಸ್‌ನಿಂದ ಕ್ಯೂ ಆಟಗಳು ಹೊರಬಿದ್ದ ಪ್ರಕರಣ

2010ರ ನವೆಂಬರ್‌ನಲ್ಲಿ ಚೀನಾದ ಗುವಾಂಗ್‌ಝೌನಲ್ಲಿ ಏಷ್ಯನ್ ಗೇಮ್ಸ್ ನಡೆಯಿತು. ಅಲ್ಲಿ ಭಾರತಕ್ಕೆ ಮೊದಲ ಚಿನ್ನ ತಂದುಕೊಟ್ಟವರು ಬೆಂಗಳೂರಿನಲ್ಲಿ ಆಟ ಕಲಿತ ಪಂಕಜ್ ಅಡ್ವಾಣಿ. ಇಂಗ್ಲಿಷ್ ಬಿಲಿಯರ್ಡ್ಸ್ ಸಿಂಗಲ್ಸ್ ಫೈನಲ್‌ನಲ್ಲಿ ಅವರು ಮ್ಯಾನ್ಮಾರ್‌ನ ನೇ ಥ್ವೇ ಊ ಅವರನ್ನು 3-2ರಿಂದ ಸೋಲಿಸಿದರು. ನಾಲ್ಕು ವರ್ಷ ಹಿಂದೆ ದೋಹಾದಲ್ಲೂ ಇದೇ ಸ್ಪರ್ಧೆಯ ಚಿನ್ನ ಅವರದೇ ಆಗಿತ್ತು. ಮೂರನೆಯದಕ್ಕೆ ಅವರು ಪ್ರಯತ್ನ ಮಾಡುವ ಹಾಗೇ ಇರಲಿಲ್ಲ. 2014ರ ದಕ್ಷಿಣ ಕೊರಿಯಾದ ಇಂಚಾನ್ ಕೂಟದ ಪಟ್ಟಿಯಲ್ಲಿ ಬಿಲಿಯರ್ಡ್ಸ್ ಇರಲಿಲ್ಲ, ಸ್ನೂಕರ್ ಇರಲಿಲ್ಲ, ಪೂಲ್ ಕೂಡ ಇರಲಿಲ್ಲ. 2018ರ ಜಕಾರ್ತಾದಲ್ಲೂ ಇಲ್ಲ. 2023ರಲ್ಲಿ ತಡವಾಗಿ ನಡೆದ ಹಾಂಗ್‌ಝೌ ಕೂಟದಲ್ಲೂ ಇಲ್ಲ.

ಆಟಗಾರರು ಕೆಟ್ಟದಾಗಿ ಆಡಿದ್ದಕ್ಕೆ ಹೀಗಾಗಲಿಲ್ಲ. ದೊಡ್ಡ ಹಗರಣವೂ ಇದಕ್ಕೆ ಕಾರಣವಲ್ಲ. ಹಾಗಾದರೆ ಯಾಕೆ? ಈ ಬರಹ ಆ ಪ್ರಶ್ನೆಯ ಬೆನ್ನು ಹತ್ತಿದೆ. ಇಲ್ಲಿ ಮುಖ್ಯ ಪಾತ್ರಧಾರಿ ಆಟಗಾರ ಅಲ್ಲ, ಒಂದು ಸಂಸ್ಥೆ. ಅದರ ಹೆಸರು ಏಷ್ಯನ್ ಕಾನ್ಫೆಡರೇಷನ್ ಆಫ್ ಬಿಲಿಯರ್ಡ್ ಸ್ಪೋರ್ಟ್ಸ್. ಚಿಕ್ಕದಾಗಿ ಎಸಿಬಿಎಸ್ ಅಂತಾರೆ. ಕೇಂದ್ರ ಕಚೇರಿ ಕತಾರ್‌ನ ದೋಹಾದಲ್ಲಿ. ಏಷ್ಯಾ ಖಂಡದಲ್ಲಿ ಕ್ಯೂ, ಅಂದರೆ ಕೋಲು, ಹಿಡಿದು ಆಡುವ ಆಟಗಳ ಪರವಾಗಿ ಒಲಿಂಪಿಕ್ ಮಂಡಳಿಯ ಮುಂದೆ ನಿಲ್ಲಬೇಕಾದ ಸಂಸ್ಥೆ ಅದು.

ಎಸಿಬಿಎಸ್ ಸೋಮಾರಿ ಸಂಸ್ಥೆ ಅಂತ ನನಗೆ ಅನ್ನಿಸುವುದಿಲ್ಲ. ಏಷ್ಯನ್ ಚಾಂಪಿಯನ್‌ಶಿಪ್‌ಗಳನ್ನು ನಡೆಸಿಕೊಂಡು ಬಂದಿದೆ. ಅದಕ್ಕೆ ತೊಡಕಾದದ್ದು ಅದರ ಕೈಗೆ ಬಂದ ಸರಕೇ.

ಒಂದು ಹೆಸರು, ಮೂರು ಆಟ

ಕ್ಯೂ ಆಟ ಅಂದ ಕೂಡಲೇ ಹೊರಗಿನವರಿಗೆ ಕಾಣುವುದು ಒಂದು ಹಸಿರು ಮೇಜು, ಒಂದಿಷ್ಟು ಬಣ್ಣದ ಚೆಂಡು, ಒಂದು ಕೋಲು. ಒಳಗಿನವರಿಗೆ ಅದು ಬೇರೆ ಬೇರೆ ಮೂರು ಲೋಕ.

ಸ್ನೂಕರ್ ಮತ್ತು ಇಂಗ್ಲಿಷ್ ಬಿಲಿಯರ್ಡ್ಸ್ ಆಡುವುದು 12 ಅಡಿ ಉದ್ದ, 6 ಅಡಿ ಅಗಲದ ಮೇಜಿನ ಮೇಲೆ. ಚೆಂಡಿನ ಅಡ್ಡಳತೆ 52.5 ಮಿಲಿಮೀಟರ್. ಪೂಲ್ ಮೇಜು 9 ಅಡಿಯದು. ಪಾಕೆಟ್ ಬಾಯಿಯ ಆಕಾರವೇ ಬೇರೆ, ಚೆಂಡು 57.15 ಮಿಲಿಮೀಟರ್. ಕ್ಯಾರಂ ಬಿಲಿಯರ್ಡ್ಸ್ ಅನ್ನುವುದಕ್ಕೂ ನಮ್ಮ ಮನೆಯ ಕೇರಂ ಬೋರ್ಡ್‌ಗೂ ಸಂಬಂಧ ಇಲ್ಲ. ಅದರ ಮೇಜು 10 ಅಡಿ, ಪಾಕೆಟ್ಟೇ ಇಲ್ಲ, ಚೆಂಡು 61.5 ಮಿಲಿಮೀಟರ್. ಅದರಲ್ಲಿ ತ್ರೀ-ಕುಷನ್ ಅನ್ನುವ ಬಗೆ ದೊಡ್ಡದು. ನಿಮ್ಮ ಚೆಂಡು ಕಡಿಮೆ ಅಂದರೂ ಮೂರು ಸಲ ಅಂಚಿಗೆ ಬಡಿದ ಮೇಲೇ ಎರಡನೇ ಎದುರು ಚೆಂಡಿಗೆ ತಾಗಬೇಕು.

ಆಡುವ ದೇಶಗಳೂ ಬೇರೆ. ಫಿಲಿಪ್ಪೀನ್ಸ್ ಮತ್ತು ತೈವಾನ್‌ಗೆ ಪೂಲ್ ಅಂದರೆ ಜೀವ. ಕೊರಿಯಾ, ವಿಯೆಟ್ನಾಂ, ಜಪಾನ್ ಕಡೆ ತ್ರೀ-ಕುಷನ್. ಚೀನಾ, ಥಾಯ್ಲೆಂಡ್, ಹಾಂಗ್‌ಕಾಂಗ್, ಪಾಕಿಸ್ತಾನ, ಇರಾನ್‌ಗಳಲ್ಲಿ ಸ್ನೂಕರ್. ಇಂಗ್ಲಿಷ್ ಬಿಲಿಯರ್ಡ್ಸ್ ಅನ್ನು ಮನಸ್ಸಿಟ್ಟು ಆಡುವವರು ಭಾರತ, ಮ್ಯಾನ್ಮಾರ್, ಥಾಯ್ಲೆಂಡ್, ಸಿಂಗಾಪುರ. ಅಲ್ಲಿಗೆ ಪಟ್ಟಿ ಹೆಚ್ಚುಕಮ್ಮಿ ಮುಗಿಯಿತು.

ಸಂಸ್ಥೆಗಳೂ ಹಾಗೇ ಚೂರುಚೂರು. ಜಗತ್ತಿನ ಮಟ್ಟದಲ್ಲಿ ಕ್ಯಾರಂಗೆ ಯುಎಂಬಿ, ಪೂಲ್‌ಗೆ ಡಬ್ಲ್ಯುಪಿಎ. ಹವ್ಯಾಸಿ ಸ್ನೂಕರ್-ಬಿಲಿಯರ್ಡ್ಸ್‌ಗೆ ಐಬಿಎಸ್‌ಎಫ್, ವೃತ್ತಿಪರ ಸ್ನೂಕರ್‌ಗೆ ಡಬ್ಲ್ಯುಪಿಬಿಎಸ್‌ಎ. ಇವರನ್ನೆಲ್ಲ ಒಂದು ಸೂರಿನಡಿ ತರಲು 1992ರಲ್ಲಿ ಡಬ್ಲ್ಯುಸಿಬಿಎಸ್ ಅನ್ನುವ ಜಾಗತಿಕ ಒಕ್ಕೂಟ ಹುಟ್ಟಿತು. 1998ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಮಾನ್ಯತೆ ಸಿಕ್ಕಿತು. ಏಷ್ಯಾದಲ್ಲೂ ಪೂಲ್‌ನವರಿಗೆ ಅವರದೇ ಒಕ್ಕೂಟ, ಕ್ಯಾರಂನವರಿಗೆ ಅವರದೇ ಒಕ್ಕೂಟ. ಆದರೆ ಏಷ್ಯನ್ ಗೇಮ್ಸ್‌ನಲ್ಲಿ ಎಲ್ಲರಿಗೂ ಸೇರಿ ಇದ್ದದ್ದು ಒಂದೇ ಜಾಗ. ಮೂರು ಸಂಸಾರ, ಒಂದೇ ರೇಷನ್ ಕಾರ್ಡ್ ಅಂದ ಹಾಗೆ. ಅಂಗಡಿಯವನು ಕಾರ್ಡು ರದ್ದು ಮಾಡಿದರೆ ಮೂರೂ ಮನೆಗೆ ಅಕ್ಕಿ ನಿಲ್ಲುತ್ತದೆ.

ಹನ್ನೆರಡು ವರ್ಷದ ಒಳ್ಳೇ ಕಾಲ

ಕ್ಯೂ ಆಟಗಳು ಏಷ್ಯನ್ ಗೇಮ್ಸ್‌ಗೆ ಕಾಲಿಟ್ಟದ್ದು 1998ರ ಬ್ಯಾಂಕಾಕ್‌ನಲ್ಲಿ. ಥಾಯ್ಲೆಂಡ್‌ನಲ್ಲಿ ಆಗ ಜೇಮ್ಸ್ ವಟ್ಟನಾ ಮನೆಮಾತಾಗಿದ್ದ ಸ್ನೂಕರ್ ತಾರೆ. ಅಂಥ ದೇಶ ಆತಿಥ್ಯ ವಹಿಸಿದಾಗ ಆಟಕ್ಕೆ ಬಾಗಿಲು ತೆರೆದದ್ದು ಸಹಜವೇ.

ಆ ಕೂಟದಲ್ಲಿ ಭಾರತ ಗೆದ್ದ ಒಟ್ಟು ಚಿನ್ನ 7. ಅದರಲ್ಲಿ 2 ಬಿಲಿಯರ್ಡ್ಸ್ ಮೇಜಿನಿಂದ ಬಂದವು. ಸಿಂಗಲ್ಸ್‌ನಲ್ಲಿ ಅಶೋಕ್ ಶಾಂಡಿಲ್ಯ, ಡಬಲ್ಸ್‌ನಲ್ಲಿ ಶಾಂಡಿಲ್ಯ ಮತ್ತು ಗೀತ್ ಸೇಥಿ. ಜ್ಯೋತಿರ್ಮಯಿ ಸಿಕ್ದರ್ ಓಡಿ ಗೆದ್ದ ಎರಡು ಚಿನ್ನ, ಡಿಂಕೊ ಸಿಂಗ್ ಗುದ್ದಿ ಗೆದ್ದ ಚಿನ್ನ ನಮಗೆ ಈಗಲೂ ನೆನಪಿದೆ. ಈ ಎರಡು ಅಷ್ಟಾಗಿ ನೆನಪಿಲ್ಲ, ಅಲ್ವಾ? 2002ರ ಬೂಸಾನ್‌ನಲ್ಲಿ ಸ್ನೂಕರ್ ಡಬಲ್ಸ್ ಚಿನ್ನ ಯಾಸಿನ್ ಮರ್ಚೆಂಟ್ ಮತ್ತು ರಫತ್ ಹಬೀಬ್ ಜೋಡಿಗೆ. ಆಮೇಲೆ ಅಡ್ವಾಣಿಯ ಎರಡು.

ಆದರೆ ಈ ಆಟದ ನಿಜವಾದ ಬೆಲೆ ಗೊತ್ತಾಗಬೇಕಾದರೆ ಫಿಲಿಪ್ಪೀನ್ಸ್ ಕಡೆ ನೋಡಬೇಕು. 1998ರಲ್ಲಿ ಆ ಇಡೀ ದೇಶಕ್ಕೆ ಸಿಕ್ಕ ಚಿನ್ನ ಒಂದೇ ಒಂದು. ಅದು ಪೂಲ್‌ನ ನೈನ್-ಬಾಲ್ ಬಗೆಯ ಡಬಲ್ಸ್‌ನದು, ರೋಮಿಯೊ ವಿಲ್ಯಾನುವೇವಾ ಮತ್ತು ಗ್ಯಾಂಡಿ ವಾಲೆ ಗೆದ್ದದ್ದು. 2002ರಲ್ಲಿ ಮೂರು ಚಿನ್ನ, ಒಂದು ಪೂಲ್ ಮೇಜಿನದು, ಫ್ರಾನ್ಸಿಸ್ಕೊ ಬುಸ್ತಮಾಂತೆ ಮತ್ತು ಆಂಟೋನಿಯೊ ಲೈನಿಂಗ್ ಜೋಡಿಯದು. 2006ರಲ್ಲಿ ನಾಲ್ಕು, ಅದರಲ್ಲಿ ಒಂದು ಆಂಟೋನಿಯೊ ಗಬಿಕಾ ಅವರದು. 2010ರಲ್ಲಿ ಮೂರು, ಅದರಲ್ಲಿ ಒಂದು ಪೂಲ್‌ನದೇ ಇನ್ನೊಂದು ಬಗೆ ಏಟ್-ಬಾಲ್‌ನಲ್ಲಿ ಡೆನಿಸ್ ಓರ್ಕೊಲೊ ಗೆದ್ದದ್ದು. ನಾಲ್ಕಕ್ಕೆ ನಾಲ್ಕೂ ಕೂಟದಲ್ಲಿ ತಪ್ಪದೆ ಒಂದೊಂದು. ಪೂಲ್ ಇಲ್ಲದ 2014ರಲ್ಲಿ ಅವರ ಒಟ್ಟು ಚಿನ್ನ ಮತ್ತೆ ಒಂದಕ್ಕೆ ಇಳಿಯಿತು, ಅದು ಬಿಎಂಎಕ್ಸ್ ಸೈಕಲ್‌ನಲ್ಲಿ.

ಅಂದರೆ ಚಿಕ್ಕ ಬಜೆಟ್ಟಿನ ದೇಶಕ್ಕೆ ಈ ಆಟ ನಂಬಿಕಸ್ಥ ಫಸಲು. ಈಜುಕೊಳ ಬೇಡ, ಸಿಂಥೆಟಿಕ್ ಟ್ರ್ಯಾಕ್ ಬೇಡ. ಗಲ್ಲಿಯ ಪೂಲ್ ಹಾಲ್‌ನಲ್ಲೇ ಚಾಂಪಿಯನ್ ಬೆಳೆಯುತ್ತಾನೆ. ಎಸಿಬಿಎಸ್ ಕೈಯಲ್ಲಿ ಇದ್ದ ಒಳ್ಳೇ ವಾದ ಇದೇ. ಖಂಡದ ಬಡ ದೇಶಗಳಿಗೂ ಪದಕ ತರುವ ಆಟ ಇದು, ಇದನ್ನು ತೆಗೆದರೆ ಪದಕಪಟ್ಟಿ ಮತ್ತೆ ಚೀನಾ, ಜಪಾನ್, ಕೊರಿಯಾ ಪಾಲು.

2010ರಲ್ಲಿ ಇನ್ನೊಂದು ಒಳ್ಳೇ ಕೆಲಸವೂ ಆಯಿತು. ಮೊದಲ ಮೂರು ಕೂಟಗಳಲ್ಲಿ ಗಂಡಸರಿಗೆ ಮಾತ್ರ ಸ್ಪರ್ಧೆ ಇತ್ತು. ಗುವಾಂಗ್‌ಝೌನಲ್ಲಿ ಹತ್ತು ಸ್ಪರ್ಧೆಗಳಲ್ಲಿ ನಾಲ್ಕು ಹೆಂಗಸರಿಗೆ ಬಂದವು. ಏಟ್-ಬಾಲ್, ನೈನ್-ಬಾಲ್, ಆರೇ ಕೆಂಪು ಚೆಂಡಿನ ಸಿಕ್ಸ್-ರೆಡ್ ಸ್ನೂಕರ್‌ನ ಸಿಂಗಲ್ಸ್ ಮತ್ತು ತಂಡ ಸ್ಪರ್ಧೆ. ಕರ್ನಾಟಕದಿಂದಲೇ ಚಿತ್ರಾ ಮಗಿಮೈರಾಜ್, ವಿದ್ಯಾ ಪಿಳ್ಳೈ ಅಂಥ ಆಟಗಾರ್ತಿಯರು ಬೆಳೆದ ಕಾಲ ಅದು. ಚಿತ್ರಾ 2006 ಮತ್ತು 2007ರಲ್ಲಿ ಮಹಿಳಾ ವಿಶ್ವ ಬಿಲಿಯರ್ಡ್ಸ್ ಗೆದ್ದವರು. ಆ ತಲೆಮಾರಿಗೆ ಬಾಗಿಲು ತೆರೆದದ್ದೇ ತಡ, ಮುಚ್ಚಿಕೊಂಡಿತು. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಬೇಜಾರಾಗುವುದು ಇಲ್ಲೇ.

ಕತ್ತರಿ ಬಿದ್ದದ್ದು

ಗುವಾಂಗ್‌ಝೌ ಕೂಟದಲ್ಲಿ 42 ಕ್ರೀಡೆ, 476 ಸ್ಪರ್ಧೆ. ಒಲಿಂಪಿಕ್ಸ್‌ಗಿಂತ ದೊಡ್ಡ ಜಾತ್ರೆ ಅದು. ಚೀನಾ ಅದನ್ನು ಹೊತ್ತುಕೊಂಡಿತು. ಎಲ್ಲ ನಗರಕ್ಕೂ ಅದು ಆಗುವ ಮಾತಲ್ಲ. ಏಷ್ಯಾ ಒಲಿಂಪಿಕ್ ಮಂಡಳಿ, ಅಂದರೆ ಒಸಿಎ, ಮುಂದಿನ ಕೂಟವನ್ನು ಚಿಕ್ಕದು ಮಾಡಲು ಹೊರಟಿತು. ಇಂಚಾನ್‌ನಲ್ಲಿ 36 ಕ್ರೀಡೆ, 439 ಸ್ಪರ್ಧೆ ಉಳಿದವು.

ಒಲಿಂಪಿಕ್ಸ್‌ನಲ್ಲಿರುವ 28 ಕ್ರೀಡೆಗಳನ್ನು ಮುಟ್ಟುವಂತಿಲ್ಲ. ಉಳಿದ ಎಂಟು ಜಾಗಕ್ಕೆ ಪೈಪೋಟಿ. ಆ ಎಂಟರಲ್ಲಿ ಕೊನೆಗೆ ಕೂತವು ಬೇಸ್‌ಬಾಲ್, ಬೌಲಿಂಗ್, ಕ್ರಿಕೆಟ್, ಕಬಡ್ಡಿ, ಕರಾಟೆ, ಸೆಪಕ್ ಟಕ್ರಾ, ಸ್ಕ್ವಾಷ್, ವುಶು. ಹೊರಗೆ ಹೋದವರಲ್ಲಿ ಚೆಸ್, ಡಾನ್ಸ್ ಸ್ಪೋರ್ಟ್, ರೋಲರ್ ಸ್ಪೋರ್ಟ್ಸ್, ಡ್ರ್ಯಾಗನ್ ಬೋಟ್ ಜೊತೆಗೆ ನಮ್ಮ ಕ್ಯೂ ಆಟಗಳು.

ಉಳಿದವರ ಪಟ್ಟಿಯನ್ನು ಒಮ್ಮೆ ನಿಧಾನವಾಗಿ ನೋಡಿ. ಕಬಡ್ಡಿಗೆ ದಕ್ಷಿಣ ಏಷ್ಯಾದ ಮುದ್ರೆ ಇದೆ. ಅದನ್ನು ಮುಟ್ಟಿದರೆ ಭಾರತ, ಬಾಂಗ್ಲಾ, ಪಾಕಿಸ್ತಾನ ಮೂವರೂ ಒಂದೇ ದನಿಯಲ್ಲಿ ಕೂಗುತ್ತಾರೆ. ಸೆಪಕ್ ಟಕ್ರಾ ಆಗ್ನೇಯ ಏಷ್ಯಾದ್ದು. ವುಶು ಚೀನಾದ್ದು, ಕರಾಟೆ ಜಪಾನಿನದು. ಬೇಸ್‌ಬಾಲ್ ಅಂದರೆ ಕೊರಿಯಾ, ಜಪಾನ್, ತೈವಾನ್‌ನಲ್ಲಿ ಟಿವಿ ದುಡ್ಡು. ಕ್ರಿಕೆಟ್ ಬಗ್ಗೆ ಹೇಳುವುದೇ ಬೇಡ. ಒಂದೊಂದಕ್ಕೂ ಒಬ್ಬ ಯಜಮಾನ ಇದ್ದಾನೆ.

ಕ್ಯೂ ಆಟಗಳನ್ನು ಆಡುವ ದೇಶಗಳು ಇವೆಲ್ಲಕ್ಕಿಂತ ಜಾಸ್ತಿ ಇರಬಹುದು. ಆದರೆ ಯಜಮಾನ ಯಾರು? ಫಿಲಿಪ್ಪೀನ್ಸ್‌ಗೆ ಪೂಲ್ ಉಳಿದರೆ ಸಾಕು. ಕೊರಿಯಾಕ್ಕೆ ತ್ರೀ-ಕುಷನ್ ಉಳಿದರೆ ಸಾಕು. ನಮಗೆ ಬಿಲಿಯರ್ಡ್ಸ್ ಬೇಕು. ಚೀನಾಕ್ಕೆ ಸ್ನೂಕರ್ ಬೇಕು, ಆದರೆ ಅವರಿಗೆ ಬೇರೆ ಕಡೆ ಬೇಕಾದಷ್ಟು ಚಿನ್ನ ಇದೆ, ಇದಕ್ಕಾಗಿ ಜಗಳ ಆಡುವ ದರ್ದಿಲ್ಲ. ಎಲ್ಲರ ಮನೆಯಲ್ಲೂ ಇರುವ, ಆದರೆ ಯಾರೂ ತಮ್ಮದು ಅಂತ ಹಠ ಹಿಡಿಯದ ಆಟ ಇದು. ಎಸಿಬಿಎಸ್ ಸೋತದ್ದು ಇಲ್ಲಿ ಅನ್ನುವುದು ನನ್ನ ಲೆಕ್ಕ. ಖಂಡದ ತುಂಬ ಹರಡಿಕೊಂಡಿರುವುದೇ ಶಕ್ತಿ ಅಂದುಕೊಂಡಿದ್ದರು. ಪಟ್ಟಿ ಕತ್ತರಿಸುವ ಕೋಣೆಯಲ್ಲಿ ಅದು ಕೆಲಸಕ್ಕೆ ಬರಲಿಲ್ಲ.

ಅಂದಹಾಗೆ, ಸ್ನೂಕರ್ ಹುಟ್ಟಿದ್ದೇ ಏಷ್ಯಾದಲ್ಲಿ. 1875ರಲ್ಲಿ ಜಬಲ್‌ಪುರದ ಸೈನಿಕ ಮೆಸ್‌ನಲ್ಲಿ ನೆವಿಲ್ ಚೇಂಬರ್ಲಿನ್ ಅನ್ನುವ ಬ್ರಿಟಿಷ್ ಅಧಿಕಾರಿ ಶುರು ಮಾಡಿದ ಆಟ. ಮುಂದೆ ಊಟಿ ಕ್ಲಬ್‌ನಲ್ಲಿ ಅದರ ನಿಯಮ ಗಟ್ಟಿಯಾಯಿತು. ಕರಾಟೆ, ಕಬಡ್ಡಿಗೆ ಇರುವಂಥ ಮಣ್ಣಿನ ಹಕ್ಕು ಸ್ನೂಕರ್‌ಗೂ ಇದೆ. ಆದರೆ ಹುಟ್ಟಿಸಿದವರು ಹೊರಗಿನವರು, ಬೆಳೆದದ್ದು ಕ್ಲಬ್ಬಿನೊಳಗೆ. ಹಾಗಾಗಿ ಯಾರೂ ಇದನ್ನು ಊರಿನ ಆಟ ಅಂತ ಎತ್ತಿ ಹಿಡಿಯಲಿಲ್ಲ.

ಆತಿಥೇಯರ ಕಣ್ಣಲ್ಲಿ

ಈಗ ಒಸಿಎ ಬಿಟ್ಟು ಕೂಟ ನಡೆಸುವ ನಗರದ ಎಂಜಿನಿಯರ್ ಜಾಗದಲ್ಲಿ ನಿಂತು ನೋಡೋಣ.

ಸ್ನೂಕರ್ ಮೇಜು ಅಂದರೆ ತಂದು ಇಟ್ಟುಬಿಡುವ ಸಾಮಾನಲ್ಲ. ಮೇಲಿನ ಬಟ್ಟೆಯ ಕೆಳಗೆ ಸ್ಲೇಟ್ ಕಲ್ಲಿನ ಐದು ಚಪ್ಪಡಿ. ಒಟ್ಟು ತೂಕ ಒಂದು ಟನ್ನಿನ ಮೇಲೆ. ಮೊದಲು ನೆಲ ಅಷ್ಟು ಭಾರ ತಡೆಯಬೇಕು. ಚಪ್ಪಡಿಗಳನ್ನು ಒಂದಕ್ಕೊಂದು ಕೂರಿಸಿ, ಸಂದಿಗೆ ಪ್ಲಾಸ್ಟರ್ ತುಂಬಿ, ಉಜ್ಜಿ, ಮಟ್ಟಗೋಲು ಇಟ್ಟು ಮೂಲೆಮೂಲೆ ನೋಡಬೇಕು. ಕೂದಲೆಳೆಯಷ್ಟು ವಾಲಿದ್ದರೂ ನಿಧಾನವಾಗಿ ಉರುಳುವ ಚೆಂಡು ಕೊನೇ ಗೇಣಿನಲ್ಲಿ ಪಕ್ಕಕ್ಕೆ ಸರಿಯುತ್ತದೆ, ಆಟಗಾರ ತಲೆ ಎತ್ತಿ ರೆಫರಿಯ ಮುಖ ನೋಡುತ್ತಾನೆ. ಆಮೇಲೆ ಉಣ್ಣೆಬಟ್ಟೆ ಎಳೆದು ಬಿಗಿಯುವುದು. ಸ್ನೂಕರ್ ಬಟ್ಟೆಗೆ ನವಿರಾದ ರೋಮ ಇರುತ್ತದೆ, ಅದು ಒಂದೇ ದಿಕ್ಕಿಗೆ ಮಲಗಿರಬೇಕು. ಆದ್ದರಿಂದ ಬಾಕ್, ಅಂದರೆ ಆಟ ಶುರುವಾಗುವ ತುದಿ, ಆ ಕಡೆಯಿಂದ ಕಪ್ಪು ಚೆಂಡಿನ ಕಡೆಗೆ ಬ್ರಷ್ ಹೊಡೆದು ಇಸ್ತ್ರಿ ಹಾಕುತ್ತಾರೆ. ತಿರುಗಿ ಹಾಕುವಂತಿಲ್ಲ.

ಪೂಲ್ ಮೇಜಿಗೆ ಈ ರೋಮದ ಬಟ್ಟೆ ಆಗುವುದಿಲ್ಲ, ನುಣುಪು ಬಟ್ಟೆ ಬೇಕು. ಕ್ಯಾರಂ ಮೇಜಿಗೆ ಇನ್ನೂ ಒಂದು ತಾಪತ್ರಯ. ಸ್ಲೇಟ್ ಕೆಳಗೆ ಹೀಟರ್ ಬೇಕು. ಗಾಳಿಯ ತೇವ ಬಟ್ಟೆಗೆ ಹಿಡಿದರೆ ಚೆಂಡು ಓಡುವುದಿಲ್ಲ, ಮೂರು ಅಂಚು ಸುತ್ತಿ ಬರುವ ಹೊಡೆತ ಅರ್ಧದಲ್ಲೇ ಸುಸ್ತಾಗುತ್ತದೆ. ಹೀಗೆ ಒಂದೇ ಸಭಾಂಗಣದಲ್ಲಿ ಮೂರು ಬಗೆ ಮೇಜು, ಮೂರು ಬಗೆ ಬಟ್ಟೆ, ಮೂರು ಅಳತೆಯ ಚೆಂಡು, ಮೂರು ನಿಯಮಪುಸ್ತಕ, ಮೂರು ಗುಂಪು ರೆಫರಿಗಳು. ಸಿಗುವುದು ಹತ್ತು ಚಿನ್ನ. ನೋಡಲು ಬರುವವರು ಕೂರಲು ಮೇಜಿನ ಸುತ್ತ ಇರುವುದೇ ಕೊಂಚ ಜಾಗ.

ಸ್ಕ್ವಾಷ್ ಜೊತೆ ಹೋಲಿಸಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಅದೂ ಏಷ್ಯನ್ ಗೇಮ್ಸ್‌ಗೆ ಬಂದದ್ದು 1998ರಲ್ಲೇ. ಅದೂ ಕ್ಲಬ್ಬಿನ ಆಟ, ಬ್ರಿಟಿಷರು ಬಿಟ್ಟುಹೋದದ್ದು. ಆದರೆ ಒಂದೇ ಅಂಕಣ, ಒಂದೇ ಚೆಂಡು, ಒಂದೇ ನಿಯಮ, ಗಂಡಸರು-ಹೆಂಗಸರು ಇಬ್ಬರಿಗೂ ಮೊದಲಿಂದಲೇ ಸ್ಪರ್ಧೆ. ಗಾಜಿನ ಅಂಕಣ ಬಂದ ಮೇಲೆ ಟಿವಿಗೂ ಚೆಂದ. ಅದು ಯಾವ ಕೂಟದಲ್ಲೂ ಜಾಗ ಬಿಟ್ಟುಕೊಡಲಿಲ್ಲ. 2023ರ ಅಕ್ಟೋಬರ್‌ನಲ್ಲಿ ಮುಂಬೈನಲ್ಲಿ ನಡೆದ ಒಲಿಂಪಿಕ್ ಸಮಿತಿ ಅಧಿವೇಶನದಲ್ಲಿ 2028ರ ಲಾಸ್ ಏಂಜಲೀಸ್ ಟಿಕೆಟ್ಟೂ ಸಿಕ್ಕಿತು. 2024ರ ಪ್ಯಾರಿಸ್‌ಗೆ ಕ್ಯೂ ಆಟದವರೂ ಅರ್ಜಿ ಹಾಕಿದ್ದರು. ಆ ಜಾಗ ಬ್ರೇಕ್‌ಡಾನ್ಸ್‌ನ ಪಾಲಾಯಿತು.

ಅದೇ ಊರು, ಒಂದು ವರ್ಷ ಮುಂಚೆ

ಪ್ರಕರಣದ ವಿಚಿತ್ರ ತಿರುವು ಇದು. 2013ರ ಜೂನ್-ಜುಲೈನಲ್ಲಿ ಒಸಿಎ ತನ್ನ ಇನ್ನೊಂದು ಕೂಟ ನಡೆಸಿತು. ಏಷ್ಯನ್ ಇಂಡೋರ್ ಮತ್ತು ಮಾರ್ಷಲ್ ಆರ್ಟ್ಸ್ ಗೇಮ್ಸ್ ಅಂತ ಅದರ ಹೆಸರು. ನಡೆದದ್ದು ಎಲ್ಲಿ? ಇಂಚಾನ್‌ನಲ್ಲೇ. ಅಲ್ಲಿ ಕ್ಯೂ ಆಟಗಳು ಇದ್ದವು! ಅಂದರೆ ಮೇಜು, ರೆಫರಿ, ನಿಯಮ, ಎಲ್ಲವೂ ಆ ಊರಿಗೆ ಒಂದು ವರ್ಷ ಮೊದಲೇ ಬಂದಿತ್ತು. ಕೊರಿಯಾದಲ್ಲಿ ಬೀದಿಗೊಂದು ತ್ರೀ-ಕುಷನ್ ಹಾಲ್ ಇರುವಾಗ ಸಾಮಾನಿಗೆ ಬರವೂ ಇರಲಿಲ್ಲ.

ಆದ್ದರಿಂದ ಮೇಜಿನ ತಾಪತ್ರಯ ಒಂದನ್ನೇ ಕಾರಣ ಅಂತ ಹೇಳಲಾಗದು. ಒಸಿಎ ಒಳಾಂಗಣದ, ಒಲಿಂಪಿಕ್ಸ್‌ಗೆ ಸೇರದ ಆಟಗಳನ್ನು ಇಟ್ಟುಕೊಳ್ಳಲು ಒಂದು ಬೇರೆ ಕೋಣೆ ಕಟ್ಟಿಕೊಂಡಿತ್ತು. ಚೆಸ್, ಡಾನ್ಸ್ ಸ್ಪೋರ್ಟ್ ಕೂಡ ಅಲ್ಲೇ ಹೋದವು. ಆ ಕೋಣೆ ಇರುವಾಗ ‘ನಿಮ್ಮನ್ನು ಹೊರಗೆ ಹಾಕಿಲ್ಲ, ಪಕ್ಕದ ಕೋಣೆಯಲ್ಲಿ ಕೂರಿಸಿದ್ದೇವೆ’ ಅನ್ನುವುದು ಸುಲಭ. ಎಸಿಬಿಎಸ್ ಕೂಡ ಆ ಜಾಗವನ್ನು ಒಪ್ಪಿಕೊಂಡು ಆಡಿತು. ಒಪ್ಪದೆ ಮಾಡುವುದೇನಿತ್ತು ಅನ್ನಿ. ಸಿಕ್ಕ ಕೂಟವನ್ನೂ ಬಿಟ್ಟರೆ ಆಟಗಾರರಿಗೆ ಅದೂ ಇಲ್ಲ. ಆದರೆ ಪಕ್ಕದ ಕೋಣೆಯ ಪದಕಕ್ಕೆ ಅದೇ ತೂಕ ಇರಲಿಲ್ಲ. ಆ ಕೂಟವೂ 2017ರ ಅಶ್ಗಾಬಾತ್ ನಂತರ ಕೈಕೊಟ್ಟಿತು. ಥಾಯ್ಲೆಂಡ್‌ನಲ್ಲಿ ನಡೆಯಬೇಕಿದ್ದ ಮುಂದಿನ ಆವೃತ್ತಿ ಕೊರೊನಾದಿಂದ ಶುರುವಾಗಿ ಮತ್ತೆ ಮತ್ತೆ ಮುಂದಕ್ಕೆ ಹೋಯಿತು.

ಚೆಸ್‌ನವರು ಏನು ಮಾಡಿದರು ನೋಡಿ. ಅವರೂ 2010ರ ನಂತರ ಹೊರಬಿದ್ದವರೇ. ಹಾಂಗ್‌ಝೌನಲ್ಲಿ ಚೀನಾದ ಗೋ, ಶಿಯಾಂಗ್‌ಚಿ ಅನ್ನುವ ಮಣೆ ಆಟಗಳ ಜೊತೆ ಸೇರಿಕೊಂಡು ವಾಪಸ್ ಬಂದರು. ಆತಿಥೇಯರಿಗೆ ಅವರ ಹಳೇ ಆಟಗಳನ್ನು ಮೆರೆಸುವ ಆಸೆ ಇತ್ತು, ಚೆಸ್ ಅದೇ ಗಾಡಿ ಹತ್ತಿತು. ಹಾಂಗ್‌ಝೌನಲ್ಲಿ 481 ಸ್ಪರ್ಧೆ ಇದ್ದವು, ಗುವಾಂಗ್‌ಝೌಗಿಂತಲೂ ಐದು ಜಾಸ್ತಿ. ಇ-ಸ್ಪೋರ್ಟ್ಸ್‌ಗೂ ಪದಕ ಸಿಕ್ಕಿತು. ಸ್ನೂಕರ್ ತಾರೆ ಡಿಂಗ್ ಜುನ್‌ಹುಯಿ ಹುಟ್ಟಿದ ದೇಶದಲ್ಲಿ, ಸ್ನೂಕರ್ ಹಾಲ್‌ಗಳಿಂದ ತುಂಬಿದ ದೇಶದಲ್ಲಿ, ಕ್ಯೂ ಆಟಕ್ಕೆ ಮಾತ್ರ ಜಾಗ ಇರಲಿಲ್ಲ. ಕೂಟ ಚಿಕ್ಕದು ಮಾಡಬೇಕು ಅನ್ನುವ ಮೊದಲಿನ ಕಾರಣ ಆಗಲೇ ಗಾಳಿಗೆ ಹೋಗಿತ್ತು. ಉಳಿದದ್ದು ಒಂದೇ, ಪರವಾಗಿ ಗಟ್ಟಿಯಾಗಿ ಕೇಳುವವರು ಇರಲಿಲ್ಲ.

ಮನೆಯೊಳಗಿನ ಜಗಳ

ಇದೇ ಹೊತ್ತಿಗೆ ಕ್ಯೂ ಆಟದವರು ತಮ್ಮತಮ್ಮಲ್ಲೇ ಕಿತ್ತಾಡುತ್ತಿದ್ದರು. 2017ರಲ್ಲಿ ವೃತ್ತಿಪರ ಸ್ನೂಕರ್‌ನ ಡಬ್ಲ್ಯುಪಿಬಿಎಸ್‌ಎ ತನ್ನದೇ ವರ್ಲ್ಡ್ ಸ್ನೂಕರ್ ಫೆಡರೇಷನ್ ಕಟ್ಟಿತು. ಹವ್ಯಾಸಿಗಳ ಐಬಿಎಸ್‌ಎಫ್‌ಗೆ ಅದು ನೇರ ಸವಾಲು. ಯುರೋಪಿನ ಖಂಡ ಸಂಸ್ಥೆ ಇಬಿಎಸ್‌ಎ ಹೊಸಬರ ಕಡೆ ವಾಲಿತು. ಏಷ್ಯಾದ ಎಸಿಬಿಎಸ್ ಐಬಿಎಸ್‌ಎಫ್ ಜೊತೆಗೇ ಉಳಿಯಿತು. ಇದರ ಬಿಸಿ ತಟ್ಟಿದ್ದು ಹುಡುಗರಿಗೆ. ಹವ್ಯಾಸಿ ಪಟ್ಟ ಗೆದ್ದರೆ ವೃತ್ತಿಪರ ಟೂರ್‌ಗೆ ಹೋಗುವ ಹಳೇ ಮೆಟ್ಟಿಲು ಅಲುಗಾಡಿತು.

2019ರಲ್ಲಿ ಕೊರಿಯಾದಲ್ಲಿ ಪಿಬಿಎ ಅನ್ನುವ ತ್ರೀ-ಕುಷನ್ ವೃತ್ತಿಪರ ಟೂರ್ ಶುರುವಾಯಿತು. ಯುಎಂಬಿ ಅದಕ್ಕೆ ಹೋದ ಆಟಗಾರರಿಗೆ ನಿಷೇಧ ಹಾಕಿತು. ಖಂಡದ ಒಳ್ಳೆಯ ಕ್ಯಾರಂ ಆಟಗಾರರಲ್ಲಿ ಅನೇಕರು ಹೀಗೆ ಅಧಿಕೃತ ಸ್ಪರ್ಧೆಗಳಿಂದಲೇ ದೂರವಾದರು. ಒಲಿಂಪಿಕ್ ಮಂಡಳಿಯವರು ಕೇಳುವ ಮೊದಲ ಪ್ರಶ್ನೆಯೇ ‘ನಿಮ್ಮ ಅತ್ಯುತ್ತಮ ಆಟಗಾರರು ಬರ್ತಾರಾ?’ ಎಂದು. ಅದಕ್ಕೆ ಹೌದು ಅನ್ನಲು ಎಸಿಬಿಎಸ್ ಕೈಯಲ್ಲಿ ಅಧಿಕಾರವೇ ಇರಲಿಲ್ಲ. ಖಂಡ ಸಂಸ್ಥೆಯ ಕಷ್ಟ ಇದು. ಮೇಲೆ ಜಗಳ ಮಾಡುವವರು ಬೇರೆ, ಕೆಳಗೆ ಆಡುವವರು ಬೇರೆ, ನಡುವೆ ನಿಂತು ಉತ್ತರ ಕೊಡಬೇಕಾದವರು ಇವರು.

ಆಟದ ಹೆಸರಿಗೆ ಅಂಟಿದ ಹೊಗೆಯ ವಾಸನೆಯನ್ನೂ ಮರೆಯಬಾರದು. ಕೊರಿಯಾದಲ್ಲಿ 1993ರವರೆಗೆ ಚಿಕ್ಕ ಹುಡುಗರು ಬಿಲಿಯರ್ಡ್ ಹಾಲ್‌ಗೆ ಕಾಲಿಡುವಂತಿರಲಿಲ್ಲ. ಸಂವಿಧಾನ ನ್ಯಾಯಾಲಯ ಆ ನಿಷೇಧ ತೆಗೆದುಹಾಕಿತು. ಹಾಲ್‌ಗಳಲ್ಲಿ ಸಿಗರೇಟು ನಿಂತದ್ದು 2017ರ ಡಿಸೆಂಬರ್‌ನಲ್ಲಿ. ನಮ್ಮಲ್ಲೂ ಸ್ನೂಕರ್ ಪಾರ್ಲರ್ ಅಂದರೆ ಮನೆಯಲ್ಲಿ ಹುಬ್ಬು ಏರುತ್ತದೆ. ಭಾರತಕ್ಕೆ ಯಾವುದೇ ಕ್ರೀಡೆಯಲ್ಲಿ ಮೊದಲ ವಿಶ್ವ ಚಾಂಪಿಯನ್ ಪಟ್ಟ ತಂದವರು 1958ರಲ್ಲಿ ಬಿಲಿಯರ್ಡ್ಸ್ ಗೆದ್ದ ವಿಲ್ಸನ್ ಜೋನ್ಸ್. ಅಷ್ಟಾದರೂ ಏರಿದ ಹುಬ್ಬು ಇಳಿದಿಲ್ಲ.

ಪೆಟ್ಟು ಬಿದ್ದದ್ದು ಯಾರಿಗೆ

ಅಡ್ವಾಣಿಯಂಥವರಿಗೆ ಪೆಟ್ಟು ಬಿದ್ದರೂ ತಡೆದುಕೊಂಡರು. 2024ರ ನವೆಂಬರ್‌ನಲ್ಲಿ ದೋಹಾದಲ್ಲಿ ಅವರು 28ನೇ ಐಬಿಎಸ್‌ಎಫ್ ವಿಶ್ವ ಪಟ್ಟ ಗೆದ್ದರು. 2025ರ ಫೆಬ್ರವರಿಯಲ್ಲಿ ಅದೇ ಊರಲ್ಲಿ ಇರಾನಿನ ಅಮೀರ್ ಸರ್ಖೋಷ್ ಅವರನ್ನು ಸೋಲಿಸಿ ಏಷ್ಯನ್ ಸ್ನೂಕರ್ ಚಾಂಪಿಯನ್ ಆದರು. ಅವರಿಗೆ ಓಎನ್‌ಜಿಸಿ ಕೆಲಸ ಇದೆ. ಖೇಲ್ ರತ್ನ, ಪದ್ಮಭೂಷಣ ಬಂದಿವೆ.

ಕಷ್ಟ ಇರುವುದು ಅವರ ಹಿಂದೆ ಬರುವ ಹುಡುಗ-ಹುಡುಗಿಯರದು. ನಮ್ಮ ದೇಶದಲ್ಲಿ ಸರ್ಕಾರದ ಹಣ, ನಗದು ಬಹುಮಾನ, ಸಾರ್ವಜನಿಕ ಕಂಪನಿಗಳ ಕ್ರೀಡಾ ಕೋಟಾದ ಕೆಲಸ, ಎಲ್ಲದರಲ್ಲೂ ಒಲಿಂಪಿಕ್ಸ್ ಮತ್ತು ಏಷ್ಯನ್ ಗೇಮ್ಸ್ ಪದಕದ ಮಾತೇ ಮಾತು. ಕೇಂದ್ರ ಕ್ರೀಡಾ ಸಚಿವಾಲಯ ಒಕ್ಕೂಟಗಳನ್ನು ದರ್ಜೆ ಮಾಡಿ ನೆರವು ಕೊಡುತ್ತದೆ. ದೊಡ್ಡ ಕೂಟದಲ್ಲಿ ಇಲ್ಲದ ಆಟ ಸಹಜವಾಗಿ ಹಿಂದಿನ ಬೆಂಚಿಗೆ ಹೋಗುತ್ತದೆ. ವಿಶ್ವ ಚಾಂಪಿಯನ್ ಆದರೂ ‘ಅದು ಏಷ್ಯನ್ ಗೇಮ್ಸ್‌ನಲ್ಲಿ ಇದೆಯಾ?’ ಅಂತ ಕೇಳುತ್ತಾರೆ. ಹದಿನೈದರ ಹುಡುಗಿಯ ಅಪ್ಪ-ಅಮ್ಮ ಕ್ಯೂ ಕೊಡಿಸುವ ಮುಂಚೆ ಇದೇ ಲೆಕ್ಕ ಹಾಕುತ್ತಾರೆ. ತಪ್ಪು ಅನ್ನಲಾಗದು.

ಎಸಿಬಿಎಸ್ ಏನು ಮಾಡಬಹುದಿತ್ತು

ಹಿಂದೆ ತಿರುಗಿ ಜಾಣತನ ಹೇಳುವುದು ಸುಲಭ. ಆದರೂ ಎರಡು ಮಾತು.

ಒಂದು, ಹೆಂಗಸರ ಸ್ಪರ್ಧೆಗಳನ್ನು 1998ರಲ್ಲೇ ತರಬೇಕಿತ್ತು. ಹನ್ನೆರಡು ವರ್ಷ ಗಂಡಸರ ಕೂಟವಾಗಿ ಉಳಿದ ಆಟವನ್ನು ಪಟ್ಟಿಯಿಂದ ತೆಗೆಯುವಾಗ ಯಾರಿಗೂ ಕೈ ನಡುಗುವುದಿಲ್ಲ. ಪೂಲ್‌ನಲ್ಲಿ ಕೊರಿಯಾ, ಚೀನಾ, ತೈವಾನ್‌ಗಳ ಆಟಗಾರ್ತಿಯರು ಆಗಲೇ ಜಗತ್ತಿನ ಮುಂಚೂಣಿಯಲ್ಲಿದ್ದರು. ಅವರನ್ನು ಮುಂದಿಟ್ಟುಕೊಂಡು ವಾದ ಮಾಡಬಹುದಿತ್ತು.

ಎರಡು, ತಾವೇ ಮುಂದಾಗಿ ಚಿಕ್ಕದಾಗಬೇಕಿತ್ತು. ‘ಮೂರು ಬಗೆ ಮೇಜು ಕಷ್ಟವಾದರೆ ಈ ಸಲ ಎರಡೇ ಇರಲಿ, ಯಾವೆರಡು ಅನ್ನುವುದನ್ನು ಆತಿಥೇಯರು ಆರಿಸಲಿ’ ಅಂದಿದ್ದರೆ ಇಂಚಾನ್‌ನಲ್ಲಿ ತ್ರೀ-ಕುಷನ್ ಮತ್ತು ಪೂಲ್ ಉಳಿಯುವ ಸಾಧ್ಯತೆ ಇತ್ತು ಅಂತ ನನಗನ್ನಿಸುತ್ತದೆ. ಭಾರತಕ್ಕೆ ಅದು ನಷ್ಟವೇ. ಆದರೆ ಬಾಗಿಲು ಮುಚ್ಚದೆ ಉಳಿಯುತ್ತಿತ್ತು, ಮುಂದಿನ ಸಲ ನಮ್ಮ ಸರದಿ ಕೇಳಬಹುದಿತ್ತು. ಆದರೆ ತಮ್ಮಲ್ಲಿ ಒಬ್ಬರನ್ನು ಬಿಟ್ಟುಕೊಡುವ ಮಾತನ್ನು ಮೂರು ಬಣಗಳ ಒಕ್ಕೂಟ ಆಡುವುದು ಸುಮ್ನೆ ಅಲ್ಲ. ಮರುದಿನವೇ ಆ ಬಣ ಎದ್ದು ಹೋಗುತ್ತದೆ.

2030ರ ದೋಹಾ

ಈಗ 2030ರ ಏಷ್ಯನ್ ಗೇಮ್ಸ್ ದೋಹಾದಲ್ಲಿ. ಅಲ್ಲಿ ಕ್ಯೂ ಆಟಗಳು ವಾಪಸ್ ಬರಲಿವೆ ಅನ್ನುವ ಸುದ್ದಿ ಆಟದವರಿಗೆಲ್ಲ ಜೀವ ತಂದಿದೆ. ಎಸಿಬಿಎಸ್ ಮನೆ ಇರುವುದೇ ದೋಹಾದಲ್ಲಿ. 2006ರಲ್ಲೂ ಆ ಊರು ಈ ಆಟಗಳನ್ನು ನಡೆಸಿದೆ, ಐಬಿಎಸ್‌ಎಫ್‌ನ ಎಷ್ಟೋ ವಿಶ್ವಕೂಟಗಳೂ ಅಲ್ಲೇ ಆಗಿವೆ. ಇಪ್ಪತ್ತು ವರ್ಷ ಯಜಮಾನ ಇಲ್ಲದ ಆಟಕ್ಕೆ ಕೊನೆಗೂ ಒಬ್ಬ ಆತಿಥೇಯ ಯಜಮಾನ ಸಿಕ್ಕಂತಾಯಿತು. ಇದರಲ್ಲಿ ಅಪಾಯವೂ ಇದೆ. 2034ರ ಕೂಟ ರಿಯಾದ್‌ನಲ್ಲಿ. ಆತಿಥೇಯರ ಪ್ರೀತಿಯಿಂದ ಬಂದದ್ದು ಆತಿಥೇಯರು ಬದಲಾದರೆ ಹೋಗುತ್ತದೆ. ಬ್ಯಾಂಕಾಕ್‌ನಿಂದ ಇಂಚಾನ್‌ವರೆಗಿನ ಕಥೆ ಅದೇ ತಾನೇ?

ಭಾರತದವರು ಗಮನ ಇಡಬೇಕಾದದ್ದು ಬೇರೆ ಕಡೆ. ಹತ್ತು ಸ್ಪರ್ಧೆಗಳನ್ನು ಮತ್ತೆ ಕೊಡುತ್ತಾರೆ ಅಂತ ನಂಬಿ ಕೂರುವಂತಿಲ್ಲ. ಗಂಡಸರು-ಹೆಂಗಸರಿಗೆ ಸಮಸಮ ಹಂಚಬೇಕು ಅಂದರೆ ಕೆಲವು ಹೋಗಲೇಬೇಕು. ಕತ್ತರಿ ಮೊದಲು ಬೀಳುವುದು ಇಂಗ್ಲಿಷ್ ಬಿಲಿಯರ್ಡ್ಸ್ ಮೇಲೆ. 2006ರವರೆಗೆ ಇದ್ದ ಅದರ ಡಬಲ್ಸ್ ಅನ್ನು 2010ರಲ್ಲಿ ಆಗಲೇ ತೆಗೆದಿದ್ದರು, ಉಳಿದದ್ದು ಅಡ್ವಾಣಿ ಗೆದ್ದ ಸಿಂಗಲ್ಸ್ ಒಂದೇ. ಆಡುವ ದೇಶಗಳು ನಾಲ್ಕೈದು ಮಾತ್ರ ಇರುವಾಗ ಅದರ ಪರ ಮಾತಾಡಬೇಕಾದವರು ನಾವೇ. ಭಾರತೀಯ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಒಕ್ಕೂಟ ಎಸಿಬಿಎಸ್ ಸಭೆಯಲ್ಲಿ ಈಗಿಂದಲೇ ಮ್ಯಾನ್ಮಾರ್, ಥಾಯ್ಲೆಂಡ್, ಸಿಂಗಾಪುರಗಳನ್ನು ಜೊತೆಗೆ ಕೂರಿಸಿಕೊಂಡು, ಹೆಂಗಸರ ಬಿಲಿಯರ್ಡ್ಸ್ ಅನ್ನೂ ಸೇರಿಸಿ ಒಂದು ಜೋಡಿ ಬೇಡಿಕೆ ಇಡಬೇಕು. ಅಂತಿಮ ಪಟ್ಟಿ ಮುದ್ರಣಕ್ಕೆ ಹೋದ ಮೇಲೆ ಪತ್ರ ಬರೆದರೆ ಅದನ್ನು ಓದುವವರೂ ಇರುವುದಿಲ್ಲ.